ಅತ್ತೆಯ ಜೊತೆ ಸ್ಪಿತಿ ದಾರಿಯಲ್ಲಿ

ನನ್ನ ಗಂಡ ಕಾಲು ಮುರಿದುಕೊಳ್ಳದೆ ಇದ್ದಿದ್ದರೆ ನಾನು ಅತ್ತೆಯ ಜೊತೆ ಹಿಮಾಲಯಕ್ಕೆ ಹೋಗುತ್ತಲೇ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಕುವೆಂಪುನಗರದಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ನಾವು ಮೂವರು ಇದ್ದೆವು: ನಾನು, ನನ್ನ ಗಂಡ, ಅವರ ತಾಯಿ. ಮಾವ ತೀರಿಕೊಂಡಿದ್ದರು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಹತ್ತು ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟು ಹಿಮಾಲಯದ ಮೂರು ಶ್ರೇಣಿಗಳನ್ನು ತೋರಿಸಿದ್ದೆ. ನಾನು ನೋಡಿದ್ದ ಅತಿ ಎತ್ತರದ ಬೆಟ್ಟವೆಂದರೆ ಊಟಿಯ ದೊಡ್ಡಬೆಟ್ಟ. ಆ ವರ್ಷ ದಸರಾ ರಜಕ್ಕೆ ಸ್ಪಿತಿ ಕಣಿವೆಗೆ ಹೋಗೋಣವೆಂದು ಗಂಡ ಹೇಳಿದರು. ರೈಲಿನ ಟಿಕೆಟ್ ಆಯಿತು, ಶಿಮ್ಲಾದಿಂದ ಮುಂದಕ್ಕೆ ಜೀಪು ಗೊತ್ತಾಯಿತು. ಹೊರಡುವುದಕ್ಕೆ ಹದಿನೈದು ದಿನವಿರುವಾಗ ಅವರು ಮಳೆಯಲ್ಲಿ ಸ್ಕೂಟರ್ ಜಾರಿಸಿಕೊಂಡು ಬಿದ್ದು, ಬಲಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದರು.

ನಾನು ಟಿಕೆಟ್ ಕ್ಯಾನ್ಸಲ್ ಮಾಡಿಸಲು ಸೀರೆಯುಟ್ಟು ಹೊರಟಿದ್ದೆ. ಆಗ ಅವರು, "ನೀನ್ಯಾಕೆ ನಿಲ್ಬೇಕು? ದಸರಾಕ್ಕೆ ಅಕ್ಕ ಹೇಗೂ ಬನ್ನೂರಿನಿಂದ ಬರ್ತಾಳೆ, ನನ್ನ ನೋಡ್ಕೋತಾಳೆ. ಅಮ್ಮನ್ನ ಕರ್ಕೊಂಡು ಹೋಗು," ಎಂದರು.

ನಾನು ತಮಾಷೆ ಎಂದುಕೊಂಡೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತದೆ ಕೇಳಿದರು: "ಅಲ್ಲಿ ಚಳಿ ಬಾಳಾನಾ?"

"ಬಹಳ ಅತ್ತೆ. ಹಿಮ ಬೀಳತ್ತೆ."

"ಅಂಗಾದ್ರೆ ನಿಮ್ಮಾವಂದು ಕೋಟು ಪೆಟ್ಟಿಗೇಲದೆ, ತಕ್ಕಂತೀನಿ," ಎಂದು ಅತ್ತೆ ಮತ್ತೆ ಸೊಪ್ಪಿನ ಕಡೆ ತಿರುಗಿದರು.

ನಮ್ಮಿಬ್ಬರ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮದು ಹಿರಿಯರು ನೋಡಿ ಮಾಡಿದ ಮದುವೆಯಲ್ಲ. ನನ್ನ ತವರು ಮಂಡಿ ಮೊಹಲ್ಲಾದಲ್ಲಿ. ಬೆಲ್ಲದ ಸಗಟು ವ್ಯಾಪಾರ, ಬೆಳಿಗ್ಗೆ ಎದ್ದರೆ ಲಿಂಗಪೂಜೆ, ಮನೆಯೊಳಗೆ ಮೊಟ್ಟೆಯ ಹೆಸರನ್ನೂ ಎತ್ತದವರು. ಅತ್ತೆ ತಿರುಮಕೂಡಲಿನ ಕಡೆಯ ಒಕ್ಕಲು ಮನೆತನದವರು. ಮದುವೆಯಾಗಿ ಏಳು ವರ್ಷವಾಗಿದ್ದರೂ ನಾವಿಬ್ಬರು ಒಂದು ದಿನವೂ ಜಗಳವಾಡಿರಲಿಲ್ಲ, ಒಂದು ದಿನವೂ ಮನಸ್ಸು ಬಿಚ್ಚಿ ಮಾತಾಡಿರಲಿಲ್ಲ. ಅವರು ನನ್ನನ್ನು ಕರೆಯುತ್ತಿದ್ದದ್ದು "ಟೀಚರಮ್ಮ" ಎಂದು. ಬಾಡೂಟ ಮಾಡುವ ದಿನ ಹಿತ್ತಲ ಬಾಲ್ಕನಿಯಲ್ಲಿ ಬೇರೆ ಸ್ಟೌವ್ ಹಚ್ಚಿ, ನಾನು ಸ್ಕೂಲಿನಿಂದ ಬರುವುದರೊಳಗೆ ಪಾತ್ರೆ ತೊಳೆದಿಟ್ಟಿರುತ್ತಿದ್ದರು. ಅವರು ಮಾಂಸ ತಿನ್ನುವುದನ್ನು ನಾನು ಕಣ್ಣಾರೆ ಕಂಡೇ ಇರಲಿಲ್ಲ. ಅಷ್ಟು ಮರ್ಯಾದೆ, ಅಷ್ಟೇ ದೂರ.

ಊರಿಗೆ ಊರೇ ದಸರೆ ನೋಡಲು ಮೈಸೂರಿಗೆ ಬರುತ್ತಿರುವಾಗ ನಾವಿಬ್ಬರು ಮೈಸೂರು ಬಿಟ್ಟೆವು. ಕೆಳಗಿನ ಮನೆಯವರು ಗೇಟಿನವರೆಗೂ ಬಂದು, "ಕಾಶಿಗಾ?" ಎಂದು ಕೇಳಿದರು. "ಇಲ್ಲ ಕಣ್ರೀ, ಸುಮ್ಕೆ," ಎಂದರು ಅತ್ತೆ.

ದೆಹಲಿಗೆ ಎರಡೂವರೆ ದಿನ, ಅಲ್ಲಿಂದ ಕಾಲ್ಕಾ, ಆಮೇಲೆ ಸುರಂಗ ಹೊಕ್ಕು ಸುರಂಗದಿಂದ ಹೊರಬರುವ ಪುಟ್ಟ ರೈಲಿನಲ್ಲಿ ಶಿಮ್ಲಾ. ಜೀಪಿನ ಡ್ರೈವರ್ ಕಿನ್ನೌರ್ ಕಡೆಯವನು, ಐವತ್ತರ ಆಸುಪಾಸು, ತಲೆಗೆ ಹಸಿರು ಪಟ್ಟಿಯ ಟೋಪಿ. ನನ್ನನ್ನು ಬೆಹನ್‌ಜಿ ಎಂದ, ಅತ್ತೆಯನ್ನು ಮಾತಾಜಿ ಎಂದ. ನನ್ನ ಹಿಂದಿ ಪರೀಕ್ಷೆಗೆ ಓದಿದ ಹಿಂದಿ. ನಾನು ಬಾಯಿ ತೆರೆದರೆ ಅವನಿಗೆ ರೇಡಿಯೋ ವಾರ್ತೆ ಕೇಳಿದಂತಾಗುತ್ತಿತ್ತೆಂದು ಕಾಣುತ್ತದೆ, ಮುಗುಳ್ನಗುತ್ತಿದ್ದ. ಅತ್ತೆ ಅಚ್ಚ ಕನ್ನಡದಲ್ಲೇ ಮಾತಾಡುತ್ತಿದ್ದರು, ಅವನು ತನ್ನ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದ. ಇಬ್ಬರಿಗೂ ಯಾವ ತೊಂದರೆಯೂ ಆದ ಹಾಗೆ ಕಾಣಲಿಲ್ಲ.

ಮೂರನೆಯ ದಿನ ಸಟ್ಲೆಜ್ ನದಿಯ ದಡ ಬಿಟ್ಟು ಸ್ಪಿತಿ ನದಿಯ ದಾರಿ ಹಿಡಿದೆವು. ಅಲ್ಲಿಗೆ ಮರಗಳು ಮುಗಿದವು. ಬಂಡೆಯ ಹೊಟ್ಟೆಯನ್ನು ಕೊರೆದು ಮಾಡಿದ ರಸ್ತೆ; ತಲೆಯ ಮೇಲೆ ಕಲ್ಲಿನ ಮಾಡು, ಎಡಗಡೆ ಚಕ್ರದಿಂದ ಒಂದು ಗೇಣು ಆಚೆಗೆ ಏನೂ ಇಲ್ಲ. ಎಷ್ಟೋ ಕೆಳಗೆ ಬೂದಿ ಬಣ್ಣದ ನೀರು. ನಾನು ಕಣ್ಣು ಮುಚ್ಚಿ ಮುಂದಿನ ಸೀಟಿನ ಕಂಬಿ ಹಿಡಿದಿದ್ದೆ. ಅತ್ತೆ ಕಿಟಕಿಗೆ ಮುಖ ಒತ್ತಿ ಕೆಳಗೆ ನೋಡುತ್ತಿದ್ದರು.

"ಟೀಚರಮ್ಮ, ಈ ಬೆಟ್ಟಕ್ಕೇನೆಸ್ರು?"

"ಗೊತ್ತಿಲ್ಲ ಅತ್ತೆ."

"ಮಕ್ಳಿಗೆ ಪಾಠ ಯೋಳ್ತೀಯಲ್ಲ?"

"ಇಷ್ಟೊಂದಿದೆ ಅಂತ ನಕ್ಷೇಲಿ ಗೊತ್ತಾಗಲ್ಲ," ಎಂದೆ, ಕಣ್ಣು ಬಿಡದೆ. ಅತ್ತೆ ನಕ್ಕರು. ಅವರು ಜೋರಾಗಿ ನಗುವುದನ್ನು ನಾನು ಮನೆಯಲ್ಲಿ ಕೇಳಿದ್ದು ನೆನಪಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜೀಪು ನಿಂತಿತು. ಮುಂದೆ ಗುಡ್ಡ ಕುಸಿದು ರಸ್ತೆಯ ಮೇಲೆ ಕಲ್ಲಿನ ರಾಶಿ ಬಿದ್ದಿತ್ತು. ಸಣ್ಣ ಕಲ್ಲುಗಳು ಇನ್ನೂ ಉರುಳುತ್ತಲೇ ಇದ್ದವು. ಡ್ರೈವರ್ ಇಳಿದು ನೋಡಿ ಬಂದು, "ಎರಡು ದಿನ ಬೇಕು. ಹಿಂದೆ ಒಂದು ಹಳ್ಳಿ ಇದೆ, ಅಲ್ಲಿ ನನಗೆ ಗೊತ್ತಿರುವ ಮನೆ ಇದೆ," ಎಂದ. ರಸ್ತೆಯಿಂದ ಅರ್ಧ ಗಂಟೆ ಮೇಲಕ್ಕೆ ಹತ್ತಿದರೆ ಆ ಹಳ್ಳಿ. ಇಪ್ಪತ್ತು ಇಪ್ಪತ್ತೈದು ಮನೆ, ಎಲ್ಲಕ್ಕೂ ಸುಣ್ಣದ ಗೋಡೆ, ಕಿಟಕಿಯ ಸುತ್ತ ಕಪ್ಪು ಪಟ್ಟಿ, ತಾರಸಿಯ ಅಂಚಿನಲ್ಲಿ ಚಳಿಗಾಲಕ್ಕೆಂದು ಒಟ್ಟಿದ ಸೌದೆ ಮತ್ತು ಒಣಹುಲ್ಲು. ಸುತ್ತ ಎತ್ತ ನೋಡಿದರೂ ಕಂದು ಬೆಟ್ಟ, ಅದರ ಮೇಲೆ ಹಿಮ, ಅದರ ಮೇಲೆ ನಾನು ಎಂದೂ ನೋಡಿರದಷ್ಟು ನೀಲಿ ಆಕಾಶ.

ಮನೆಯ ಯಜಮಾನಿಗೆ ಅತ್ತೆಗಿಂತ ಐದಾರು ವರ್ಷ ಚಿಕ್ಕ ವಯಸ್ಸಿರಬಹುದು. ಎರಡು ಜಡೆ, ಕೆನ್ನೆಯ ಮೇಲೆ ಬಿಸಿಲಿಗೆ ಬೆಂದ ಕೆಂಪು, ಕುತ್ತಿಗೆಯಲ್ಲಿ ಹವಳದ ಸರ. ಆಕೆಗೆ ಹಿಂದಿ ನಾಲ್ಕೈದು ಮಾತು ಬರುತ್ತಿತ್ತು, ಅಷ್ಟೇ. ಒಳಗೆ ನಡುಮನೆಯ ಒಲೆಯ ಪಕ್ಕ ಕಂಬಳಿ ಹಾಸಿ ನಮ್ಮನ್ನು ಕೂರಿಸಿದಳು. ಅಷ್ಟು ಹತ್ತಿದ್ದಕ್ಕೆ, ಆ ತೆಳುಗಾಳಿಗೆ, ನನ್ನ ತಲೆ ಸಿಡಿಯತೊಡಗಿತ್ತು. ಎರಡು ಸಲ ವಾಂತಿಯಾಯಿತು. ಅತ್ತೆ ಕಾಲು ಚಾಚಿ ಕುಳಿತು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮಾವನವರ ಕೋಟು ನನ್ನ ಮೇಲೆ ಹೊದಿಸಿ, ಹಣೆಯನ್ನು ಎರಡು ಹೆಬ್ಬೆರಳಿನಿಂದ ಒತ್ತುತ್ತ ಕುಳಿತರು.

"ಪರವಾಗಿಲ್ಲ ಅತ್ತೆ, ನಿಮಗೆ ಕಾಲು ನೋಯತ್ತೆ," ಎಂದು ಏಳಲು ನೋಡಿದೆ.

"ಸುಮ್ಕೆ ಮಲೀಕೊ. ಮಾತಾಡ್ಬೇಡ."

ಸಂಜೆಯವರೆಗೂ ಅವರು ಜಾಗ ಬಿಟ್ಟು ಅಲ್ಲಾಡಲಿಲ್ಲ. ಯಜಮಾನಿ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಮಾಂಸದ ಸಾರಿನಲ್ಲಿ ಹಿಟ್ಟಿನ ಚೂರುಗಳನ್ನು ಬೇಯಿಸುತ್ತಿದ್ದಳು. ವಾಸನೆಗೆ ನಾನು ಮುಖ ತಿರುಗಿಸಿದ್ದು ಅತ್ತೆಗೆ ಗೊತ್ತಾಯಿತು. ಅವರು ಯಜಮಾನಿಯನ್ನು ಕೈ ತಟ್ಟಿ ಕರೆದು, ಪಾತ್ರೆ ತೋರಿಸಿ, "ಮ್ಯಾ... ಮ್ಯಾ..." ಎಂದು ಮೇಕೆಯ ಹಾಗೆ ಕೂಗಿ, ನನ್ನ ಕಡೆ ಬೆರಳು ಮಾಡಿ, ಎರಡೂ ಕೈ ಜೋರಾಗಿ ಆಡಿಸಿದರು. ಯಜಮಾನಿ ಒಂದು ಗಳಿಗೆ ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅವಳೂ "ಮ್ಯಾ" ಎಂದಳು. ಅತ್ತೆಯೂ ನಕ್ಕರು. ತಲೆನೋವಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ನನಗೆಂದೇ ಆಲೂಗಡ್ಡೆ ಬಟಾಣಿ ಹಾಕಿ ಬೇರೆ ಸಾರು ಬೆಂದಿತು. ನಾನು ಒಂದು ಬಟ್ಟಲು, ಅತ್ತೆ ಒಂದು ಬಟ್ಟಲು, ಪಕ್ಕಪಕ್ಕ ಕುಳಿತು ಉಂಡೆವು. ಅವರು ಮೂಳೆ ಚೀಪುವಾಗ ನನ್ನ ಕಡೆ ಓರೆಗಣ್ಣಲ್ಲಿ ನೋಡಿ, "ವಾಸ್ನೆ ಬತ್ತದಾ?" ಎಂದರು. "ಬರಲ್ಲ, ತಿನ್ನಿ," ಎಂದೆ. ನಿಜಕ್ಕೂ ಆಗ ಬರುತ್ತಿರಲಿಲ್ಲ.

ಬೆಳಿಗ್ಗೆ ಎದ್ದಾಗ ತಲೆ ಹಗುರವಾಗಿತ್ತು, ಪಕ್ಕದಲ್ಲಿ ಅತ್ತೆ ಇರಲಿಲ್ಲ. ಹೊರಗೆ ಬಂದರೆ ಕಣ್ಣು ಕುಕ್ಕುವ ಬಿಸಿಲು. ಊರಿನ ಅಂಚಿನಿಂದ ಹಾಡಿನಂಥ ಕೂಗು ಕೇಳಿಸಿತು. ಅತ್ತ ಹೋಗಿ ನೋಡಿದೆ.

ಸಮತಟ್ಟು ಮಾಡಿದ ದುಂಡನೆಯ ಕಣ. ನಡುವೆ ಕಂಬ. ಕಂಬಕ್ಕೆ ಸಾಲಾಗಿ ಕಟ್ಟಿದ ಎರಡು ಹಸು, ಮೂರು ಕತ್ತೆ, ಕೊನೆಗೆ ಉದ್ದ ಕೂದಲಿನ ಒಂದು ಯಾಕ್. ಅವು ಸುತ್ತುತ್ತ ಬಾರ್ಲಿಯ ತೆನೆಗಳನ್ನು ತುಳಿಯುತ್ತಿದ್ದವು. ಅವುಗಳ ಹಿಂದೆ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮಾವನವರ ಕೋಟು ತೊಟ್ಟು, ತಲೆಗೆ ಯಜಮಾನಿಯ ಟೋಪಿ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು, ನನ್ನ ಅತ್ತೆ!

"ಹೋ... ಹೋ... ತಿರುಗು, ತಿರುಗು ನನ್ನಪ್ಪ!"

ಕಣದ ಸುತ್ತ ನಿಂತ ಹತ್ತು ಹನ್ನೆರಡು ಹೆಂಗಸರು ನಗುತ್ತಿದ್ದರು. ಯಾಕ್ ಮಾತ್ರ ತಲೆ ಕೆಳಗೆ ಹಾಕಿಕೊಂಡು ಹೇಳಿದಂತೆ ಕೇಳುತ್ತಿತ್ತು.

"ಅತ್ತೆ! ಅದು ಹಾಯತ್ತೆ!"

"ಅದ್ಕೇನ್ ಗೊತ್ತು ಆಯೋದು? ದನ ದನಾನೇ ಕಣಮ್ಮ, ಕೂದ್ಲು ಒಸಿ ಜಾಸ್ತಿ, ಅಷ್ಟೇಯ. ಬಾ ಇಲ್ಲಿ, ಉಲ್ಲು ತಿರುವಾಕು!"

ನನ್ನ ಕೈಗೆ ಒಬ್ಬಳು ಮರದ ಕವೆಗೋಲು ಕೊಟ್ಟಳು. ಮೊಳಕಾಲುದ್ದ ಹುಲ್ಲಿನಲ್ಲಿ ನಿಂತು ಎತ್ತಿ ಹಾಕತೊಡಗಿದೆ. ಐದು ನಿಮಿಷಕ್ಕೆ ಉಸಿರು ಹತ್ತಿತು, ಕೂತೆ. ಮತ್ತೆ ಎದ್ದೆ. ಮಂಡಿ ಮೊಹಲ್ಲಾದಲ್ಲಿ ಬೆಳೆದ ನನಗೆ ಕಣವೆಂದರೆ ಬಸ್ಸಿನ ಕಿಟಕಿಯಿಂದ ಕಂಡ ವಸ್ತು. ಅತ್ತೆ ಹದಿಮೂರು ವರ್ಷಕ್ಕೆ ಕಣಕ್ಕಿಳಿದವರು. ಕುವೆಂಪುನಗರದ ಮಹಡಿ ಮನೆಯಲ್ಲಿ ಸೊಪ್ಪು ಬಿಡಿಸುವುದು, ಟಿವಿ ನೋಡುವುದು ಬಿಟ್ಟು ಇವರಿಗೆ ಬೇರೇನೂ ಬೇಕಾಗಿಲ್ಲವೆಂದು ನಾನು ಹೇಗೆ ನಂಬಿಕೊಂಡಿದ್ದೆನೋ!

ಮಧ್ಯಾಹ್ನ ಕಾಳು ತೂರುವ ಕೆಲಸ. ಆದರೆ ಗಾಳಿಯೇ ಇರಲಿಲ್ಲ. ಹೆಂಗಸರೆಲ್ಲ ಕಾದು ಕುಳಿತರು. ಯಜಮಾನಿ ತುಟಿ ಮುಂದೆ ಮಾಡಿ ಮೆಲ್ಲಗೆ ಸಿಳ್ಳೆ ಹಾಕಿದಳು. ಇನ್ನೊಬ್ಬಳು ಹಾಕಿದಳು. ಗಾಳಿಯನ್ನು ಹಾಗೆ ಕರೆಯುತ್ತಾರೆಂದು ಡ್ರೈವರ್ ನನಗೆ ಹೇಳಿದ. ನಾನು ಅತ್ತೆಗೆ ಹೇಳಿದೆ.

"ನಂಗೆ ಸಿಳ್ಳೆ ಬರಾಕಿಲ್ವಲ್ಲ," ಎಂದು ಅತ್ತೆ ಸ್ವಲ್ಪ ಯೋಚಿಸಿದರು. ಆಮೇಲೆ ಎದ್ದು ನಿಂತು, ಸೆರಗು ಕೊಡವಿ, ಕಣಿವೆಯ ಕಡೆಗೆ ತಿರುಗಿ ಕೂಗಿದರು: "ಬಾರವ್ವಾ... ಗಾಳೆವ್ವಾ... ಬಂದು ಒಸಿ ಬೀಸೋಗವ್ವಾ!"

ಗಾಳಿ ತಕ್ಷಣ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ಗಂಟೆ ಬಿಟ್ಟು ಬಂತು, ದಿನಾ ಆ ಹೊತ್ತಿಗೆ ಬರುವುದೇ ಅಂತೆ. ಆದರೆ ಹೆಂಗಸರೆಲ್ಲ ಅತ್ತೆಯ ಬೆನ್ನು ತಟ್ಟಿ, "ಗಾಳೆವ್ವಾ! ಗಾಳೆವ್ವಾ!" ಎಂದು ಕೂಗುತ್ತ ಕಾಳು ತೂರಿದರು. ಹೊಟ್ಟು ಬಿಸಿಲಿನಲ್ಲಿ ಚಿನ್ನದ ಹೊಗೆಯಂತೆ ಹಾರಿ ನಮ್ಮೆಲ್ಲರ ಕೂದಲಿಗೆ ಅಂಟಿತು.

ಕೆಲಸದ ನಡುವೆ ತಿನ್ನಲು ಯಜಮಾನಿ ಒಂದು ಚರ್ಮದ ಚೀಲ ಬಿಚ್ಚಿದಳು. ಒಳಗೆ ತೆಳುಕಂದು ಹಿಟ್ಟು. ಬಟ್ಟಲಿಗೆ ಹಾಕಿ, ಉಪ್ಪು ಬೆಣ್ಣೆ ಬೆರೆಸಿದ ಚಹಾ ಸುರಿದು, ಬೆರಳಲ್ಲೇ ಕಲೆಸಿ ಉಂಡೆ ಮಾಡಿ ಕೊಟ್ಟಳು. ಅತ್ತೆ ಬಾಯಿಗೆ ಹಾಕಿಕೊಂಡವರು ಅಗಿಯುವುದನ್ನು ನಿಲ್ಲಿಸಿಬಿಟ್ಟರು.

"ಏನಾಯ್ತು ಅತ್ತೆ?"

"ಇದು ಉರಿಟ್ಟು ಕಣಮ್ಮ!"

ನಾನು ತಿಂದು ನೋಡಿದೆ. ಹೌದು, ಹುರಿಹಿಟ್ಟು. ರಾಗಿ ಅಲ್ಲ, ಬಾರ್ಲಿ. ಬೆಲ್ಲ ಇಲ್ಲ, ಉಪ್ಪು. ಆದರೆ ಅದೇ ಹುರಿದ ಪರಿಮಳ, ಅದೇ ಗಂಟಲಿಗಂಟುವ ನುಣುಪು. ಅತ್ತೆ ಯಜಮಾನಿಯ ಎರಡೂ ಕೈ ಹಿಡಿದುಕೊಂಡು ಕನ್ನಡದಲ್ಲಿ ಒಂದೇ ಸಮನೆ ಹೇಳತೊಡಗಿದರು: ತಮ್ಮವ್ವ ಹೇಗೆ ರಾಗಿ ನೆನೆಸಿ ಅರಳು ಹುರಿಯುತ್ತಿದ್ದಳು, ಎಮ್ಮೆ ಹಾಲು ಹೇಗೆ ಬಿಡುತ್ತಿದ್ದಳು, ತಾವು ಏಳು ಜನ ಮಕ್ಕಳು ಒಂದೇ ತಣಿಗೆಗೆ ಹೇಗೆ ಕೈ ಹಾಕುತ್ತಿದ್ದರು. ಯಜಮಾನಿ ಪ್ರತಿ ಮಾತಿಗೂ ತಲೆಯಾಡಿಸಿದಳು. ಇವನ್ನೆಲ್ಲ ಹಿಂದಿ ಮಾಡಿ ಹೇಳುವಷ್ಟು ಪಾಂಡಿತ್ಯ ನನ್ನಲ್ಲಿರಲಿಲ್ಲ. ಸುಮ್ಮನೆ ಕೇಳಿದೆ. ಏಳು ವರ್ಷದಲ್ಲಿ ಅವರ ಅವ್ವನ ಬಗ್ಗೆ ನಾನು ಕೇಳಿದ ಮೊದಲ ಮಾತುಗಳು ಅವು.

ಮಾರನೆಯ ದಿನ ಊರ ಮೇಲಿನ ಗೊಂಪದಿಂದ, ಅಂದರೆ ಬೌದ್ಧ ಮಠದಿಂದ, ಒಬ್ಬ ಸನ್ಯಾಸಿ ಕೆಳಗಿಳಿದು ಬಂದರು. ಮೂವತ್ತರ ವಯಸ್ಸು, ಕೆಂಗಂದು ಬಟ್ಟೆ, ಕಾಲಿಗೆ ಕ್ಯಾನ್ವಾಸ್ ಬೂಟು. ಯಜಮಾನಿಯ ತಂಗಿಯ ಮಗನಂತೆ. ನಾವು ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದೆವು. ಅವರು ಅತ್ತೆಯ ಸೀರೆ ನೋಡಿದರು, ನನ್ನ ಹಣೆಯ ಕುಂಕುಮ ನೋಡಿದರು, ನಮ್ಮ ಮಾತಿಗೆ ಕಿವಿಗೊಟ್ಟು ಹಾಗೇ ನಿಂತುಬಿಟ್ಟರು.

"ಮೈಸೂರಾ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

"ಮೈಸೂರಲ್ಲಿ ಎಲ್ಲಿ? ನಾನು ಹನ್ನೊಂದು ವರ್ಷ ಬೈಲುಕುಪ್ಪೇಲಿ ಓದಿದ್ದು. ಮಠಕ್ಕೆ ತರಕಾರಿ ತರೋಕೆ ಕುಶಾಲನಗರ ಸಂತೆಗೆ ನಾನೇ ಹೋಗ್ತಿದ್ದೆ. ಕನ್ನಡ ಸಂತೇಲೇ ಬಂದಿದ್ದು."

ಅತ್ತೆ ಧಡಕ್ಕನೆ ಎದ್ದು, ನಮ್ಮ ಕಡೆ ಮಠದ ಸ್ವಾಮಿಗಳಿಗೆ ಮಾಡುವಂತೆ ನೆಲ ಮುಟ್ಟಿ ನಮಸ್ಕಾರ ಮಾಡಿ, "ಬುದ್ದಿ, ಎಂಗ್ ಬಂದ್ಬುಟ್ರಿ ನೀವು, ದೇವ್ರು ಬಂದಂಗೆ!" ಎಂದರು. ಅವರು ಮುಜುಗರದಿಂದ ಕೆಂಪಾಗಿ, "ಅಯ್ಯೋ, ಕೂತ್ಕೊಳಿ ಅಮ್ಮ," ಎಂದರು. ಆಮೇಲೆ ಮೆಲ್ಲಗೆ ಕೇಳಿದರು: "ನಿಮ್ಮ ಹತ್ರ ಉಪ್ಪಿನಕಾಯಿ ಇದೆಯಾ? ಮಾವಿನಕಾಯಿದು?"

ಅತ್ತೆಯ ಚೀಲದಲ್ಲಿ ಮಿಡಿ ಮಾವಿನಕಾಯಿಯ ಡಬ್ಬವಿತ್ತು. ಸನ್ಯಾಸಿ ಒಂದು ಮಿಡಿ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಡಬ್ಬವನ್ನು ಅಲ್ಲೇ ಅವರ ಮಡಿಲಿಗೆ ಹಾಕಿ ಅತ್ತೆ, "ಈಗ ನಾನು ಕೇಳೋದ್ನೆಲ್ಲ ಇವ್ರಿಗೆ ಯೋಳಿ ಬುದ್ದಿ," ಎಂದರು.

ಇಬ್ಬರು ಹೆಂಗಸರೂ ಎರಡು ದಿನದಿಂದ ಕೂಡಿಟ್ಟ ಪ್ರಶ್ನೆಗಳೆಲ್ಲ ಹೊರಬಿದ್ದವು. ಮಕ್ಕಳೆಷ್ಟು? ಗಂಡ ಯಾವಾಗ ಹೋದರು? ಚಳಿಗಾಲದಲ್ಲಿ ಆರು ತಿಂಗಳು ಒಳಗೆ ಕುಳಿತು ಏನು ಮಾಡುತ್ತೀರಿ? ನೂಲುತ್ತೇವೆ, ಹಾಡುತ್ತೇವೆ, ಮದುವೆ ಮಾಡುತ್ತೇವೆ. ನಿಮ್ಮಲ್ಲಿ ಹಿಮ ಬೀಳುವುದೇ ಇಲ್ಲವೇ, ಹಾಗಾದರೆ ಮದುವೆ ಯಾವಾಗ ಮಾಡುತ್ತೀರಿ? ಸನ್ಯಾಸಿ ಒಬ್ಬರ ಮಾತು ಮುಗಿಸುವುದರೊಳಗೆ ಇನ್ನೊಬ್ಬರು ಶುರು ಮಾಡುತ್ತಿದ್ದರು. ಯಜಮಾನಿ ನನ್ನ ಕಡೆ ನೋಡಿ ಏನೋ ಹೇಳಿದಳು. ಸನ್ಯಾಸಿ ನಕ್ಕು ಕನ್ನಡಕ್ಕೆ ತಿರುಗಿಸಿದರು:

"ನಿಮ್ಮ ಮಗಳು ಮೊದಲನೇ ದಿನ ಬಹಳ ಹೆದರಿಸಿಬಿಟ್ಟಳು, ಈಗ ಮುಖದಲ್ಲಿ ಕಳೆ ಬಂದಿದೆ ಅಂತಾರೆ. ನೀವು ತೊಡೆ ಮೇಲೆ ಮಲಗಿಸ್ಕೊಂಡಿದ್ದು ನೋಡಿ, ತಾಯಿ ಮಗಳು ಅಂದರೆ ಹೀಗಿರ್ಬೇಕು ಅಂತ ಊರಿಗೆಲ್ಲ ಹೇಳಿದಾರಂತೆ."

ನಾನು, "ಅಲ್ಲ, ನಾನು ಸೊ..." ಎಂದು ಶುರು ಮಾಡಿದೆ.

ಅತ್ತೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. "ಅಂಗೇ ಇರ್ಲಿ ಬುಡಿ, ಬುದ್ದಿ. ತಿದ್ದಾಕೋಗ್ಬೇಡಿ."

ನಾನು ಎದ್ದು ಅಂಗಳದ ಅಂಚಿಗೆ ಹೋಗಿ ಸ್ವಲ್ಪ ಹೊತ್ತು ಬೆಟ್ಟ ನೋಡುತ್ತ ನಿಂತೆ.

ಅದರ ಮರುದಿನ ರಸ್ತೆ ತೆರೆಯಿತು. ಹೊರಡುವಾಗ ಊರಿನ ಹೆಂಗಸರೆಲ್ಲ ಜೀಪಿನವರೆಗೆ ಇಳಿದು ಬಂದರು. ಯಜಮಾನಿ ನಮ್ಮಿಬ್ಬರ ಕುತ್ತಿಗೆಗೂ ಬಿಳಿಯ ವಸ್ತ್ರ ಹಾಕಿದಳು. ಅತ್ತೆ ತಮ್ಮ ಚೀಲದಲ್ಲಿದ್ದ ಹೊಸ ಇಳಕಲ್ ಸೀರೆಯನ್ನು ಆಕೆಗೆ ಕೊಟ್ಟರು. ಅದನ್ನು ಏನು ಮಾಡಬೇಕೆಂದು ಗೊತ್ತಾಗದೆ ಆಕೆ ತಲೆಗೆ ರುಮಾಲಿನಂತೆ ಸುತ್ತಿಕೊಂಡು, ಅದು ಮುಗಿಯದೆ ಸೊಂಟಕ್ಕೂ ಸುತ್ತಿಕೊಂಡಳು. ಸನ್ಯಾಸಿಯ ನೋಟ್‌ಬುಕ್ಕಿನಲ್ಲಿ ನಾನು ನಮ್ಮ ವಿಳಾಸ, ಕೆಳಗಿನ ಮನೆಯವರ ಫೋನ್ ನಂಬರು ಬರೆದುಕೊಟ್ಟೆ. ಮುಂದೆ ಕಾಜಾ ಪಟ್ಟಣ ನೋಡಿದೆವು, ಸಾವಿರ ವರ್ಷದ ಮಣ್ಣಿನ ಗುಡಿ ನೋಡಿದೆವು. ಎಲ್ಲವೂ ಚೆನ್ನಾಗಿತ್ತು. ಅತ್ತೆಗೆ ಮಾತ್ರ, "ಆ ಕಣದ ಕೆಲ್ಸ ಮುಗೀತೋ ಏನೋ," ಎಂಬುದೇ ಚಿಂತೆ.

ಮೈಸೂರಿಗೆ ಬಂದ ಮೇಲೆ ಗಂಡ ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ನಮ್ಮ ಕಥೆ ಕೇಳಿದರು. ನಾನು ಹೇಳುವಾಗ ಅತ್ತೆ ತಿದ್ದುವುದು, ಅತ್ತೆ ಹೇಳುವಾಗ ನಾನು ತಿದ್ದುವುದು. "ನೀವಿಬ್ರು ಯಾವಾಗ ಹಿಂಗಾದ್ರಿ?" ಎಂದು ಅವರು ಇಬ್ಬರ ಮುಖವನ್ನೂ ನೋಡಿದರು. ಬಾಲ್ಕನಿಯ ಸ್ಟೌವ್ ಒಳಗೆ ಬಂತು. ನನ್ನ ಸಾರು ಒಂದು ಕಡೆ, ಅವರ ಸಾರು ಒಂದು ಕಡೆ, ಮಾತು ಮಾತ್ರ ಒಂದೇ. ಅತ್ತೆ ಎಂದೋ ಒಂದು ದಿನ ನನ್ನನ್ನು "ಮಗಾ" ಎಂದು ಕರೆದರು. ಯಾವ ದಿನವೆಂದು ನೆನಪಿಲ್ಲ. ಆಮೇಲೆ ಟೀಚರಮ್ಮ ಎಂದದ್ದು ಸಿಟ್ಟು ಬಂದಾಗ ಮಾತ್ರ.

ಎರಡು ವರ್ಷ ಕಳೆದು, ಜನವರಿಯ ಒಂದು ಬೆಳಿಗ್ಗೆ ಕೆಳಗಿನ ಮನೆಯವರು ಮೆಟ್ಟಿಲ ಬುಡದಿಂದ ಕೂಗಿದರು: ಬೈಲುಕುಪ್ಪೆಯಿಂದ ಫೋನು. ಸ್ಪಿತಿಯ ಜನ ಚಳಿಗಾಲದಲ್ಲಿ ಅಲ್ಲಿಗೆ ಪ್ರವಚನ ಕೇಳಲು ಬರುತ್ತಾರೆ. ಆ ಸಲ ನಮ್ಮ ಸನ್ಯಾಸಿಯ ಜೊತೆ ಯಜಮಾನಿಯೂ ಬಂದಿದ್ದಳು. ಇಬ್ಬರೂ ನಮ್ಮಲ್ಲಿಗೆಂದು ಮೈಸೂರಿನ ಬಸ್ಸು ಹತ್ತುವವರಿದ್ದರು. ಅತ್ತೆ ಅರ್ಧ ತಲೆ ಬಾಚಿಕೊಂಡಿದ್ದವರು ಹಾಗೆಯೇ ಬಸ್ ಸ್ಟ್ಯಾಂಡಿಗೆ ಹೊರಟರು. ನಾನು ಸ್ಕೂಲಿಗೆ ರಜ ಹೇಳಿ ಹಿಂದೆ ಓಡಿದೆ. ಬಸ್ಸು ಬಂತು. ಉಣ್ಣೆಯ ದಪ್ಪ ಬಟ್ಟೆಯಲ್ಲಿ ಬೆವೆತು ನೀರಾಗಿದ್ದ ಯಜಮಾನಿ ಕೆಳಗಿಳಿದು, ನೂರು ಜನರ ನಡುವೆ ಅತ್ತೆಯನ್ನು ಕಂಡು, ಎರಡೂ ಕೈ ಎತ್ತಿ, "ಗಾಳೆವ್ವಾ!" ಎಂದು ಕೂಗಿದಳು. ಕಂಡಕ್ಟರ್ ತಿರುಗಿ ನೋಡಿದ.

ನಾಲ್ಕು ದಿನ ಅವಳು ನಮ್ಮ ಮನೆಯಲ್ಲಿದ್ದಳು. ನನ್ನ ಗಂಡನ ಕಾಲನ್ನು ಮುಟ್ಟಿ ಮುಟ್ಟಿ ನೋಡಿ, ಸರಿಯಾಗಿ ಕೂಡಿದೆ ಎಂದು ಸನ್ಯಾಸಿಯ ಮೂಲಕ ತೀರ್ಪು ಕೊಟ್ಟಳು. ಬಾಳೆಗಿಡವನ್ನು ತಬ್ಬಿಕೊಂಡಳು. ಮಾರ್ಕೆಟ್ಟಿನಲ್ಲಿ ಹೂವಿನ ಸಾಲಿನ ಮುಂದೆ ಅರ್ಧ ಗಂಟೆ ನಿಂತು, ಜಡೆಯೆರಡಕ್ಕೂ ಮಲ್ಲಿಗೆ ಮುಡಿದುಕೊಂಡು ಬಂದಳು. ಜನವರಿಯ ನಮ್ಮ ಚಳಿಗೆ ನಾವು ಸ್ವೆಟರ್ ಹಾಕಿದರೆ ಅವಳು ಫ್ಯಾನ್ ಕೆಳಗಿನ ಜಾಗ ಬಿಟ್ಟು ಏಳಲೊಲ್ಲಳು.

ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ನಾನು ನಡುಮನೆಗೆ ಬಂದಾಗ ಇಬ್ಬರೂ ಚಾಪೆಯ ಮೇಲೆ ಮಲಗಿದ್ದರು. ಅತ್ತೆ ಕಿವಿಯವರೆಗೆ ಕಂಬಳಿ ಹೊದ್ದಿದ್ದರು, ಯಜಮಾನಿ ತೋಳು ಬಿಚ್ಚಿ ಗಾಳಿಗೆ ಮುಖ ಕೊಟ್ಟಿದ್ದಳು. ಅತ್ತೆ ಅರೆನಿದ್ದೆಯಲ್ಲಿ ಕನ್ನಡದಲ್ಲಿ ಏನೋ ಗೊಣಗಿದರು. ಯಜಮಾನಿ ಕಣ್ಣು ಬಿಡದೆ ತನ್ನ ಭಾಷೆಯಲ್ಲಿ ಉತ್ತರ ಕೊಟ್ಟಳು. ಸನ್ಯಾಸಿ ಹೊರಗೆ ಪೇಪರ್ ಓದುತ್ತಿದ್ದರು, ಅವರನ್ನು ಯಾರೂ ಕರೆಯಲಿಲ್ಲ. ನಾನೂ ನನ್ನ ಗಂಡನೂ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು ಅಡುಗೆಮನೆಗೆ ಹೋಗಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕೆವು.